ಊರು ಹತ್ತಿರ ಬರುವಷ್ಟರಲ್ಲಿ

ಪುಟ್ಟೀ,

ಫೋನಿನಲ್ಲಿ ಮಾತಾಡಿದರೆ ನಡುವೆ ಕುಕ್ಕರ್ ಕೂಗುತ್ತದೆ, ಮಗು ಎಳೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈಗಿರುವ ಎರಡು ರೂಮಿನ ಮನೆ ನಿಮಗೆ ಸಾಲುತ್ತಿಲ್ಲ, ಬೇರೆ ಕೊಳ್ಳಬೇಕು, ಒಪ್ಪಿದೆ. ಬೆಂಗಳೂರಿನ ಆಚೆ, ದೊಮ್ಮಸಂದ್ರದ ಹತ್ತಿರದ ಹೊಸ ಫ್ಲಾಟು ನೋಡಲು ಚೆಂದ. ಜಯನಗರ 9ನೇ ಬ್ಲಾಕಿನದು ಹಳೆಯದು, ಲಿಫ್ಟ್ ಇಲ್ಲ, ಅಡುಗೆಮನೆ ಇಕ್ಕಟ್ಟು. ಆದರೂ ನನ್ನ ಮನಸ್ಸು ಜಯನಗರದ ಕಡೆಗೇ ಇದೆ.

1994ರಲ್ಲಿ ನಾವು ಯಲಚೇನಹಳ್ಳಿಗೆ ಬಂದಾಗ ಅದೇ ಊರಾಚೆ. ಸೈಟು ಅಗ್ಗ, ಮನೆ ದೊಡ್ಡದು. 'ಇವತ್ತಲ್ಲ ನಾಳೆ ಊರು ಇಲ್ಲಿಗೇ ಬರುತ್ತೆ' ಅಂತ ನಿಮ್ಮಪ್ಪ ಹೇಳುತ್ತಿದ್ದರು. ಬಂತು. ಮೆಟ್ರೋ ಬಂದದ್ದು 2017ರಲ್ಲಿ. ಅಷ್ಟರಲ್ಲಿ ನೀನು ಓದು ಮುಗಿಸಿ ಕೆಲಸಕ್ಕೆ ಸೇರಿದ್ದೆ! ಸ್ಕೂಲಿಂದ ಬಂದು ಶೂ ಬಿಚ್ಚುವ ಮೊದಲೇ ಸೋಫಾ ಮೇಲೆ ನಿದ್ದೆ ಹೋಗುತ್ತಿದ್ದೆಯಲ್ಲ, ಆ ವರ್ಷಗಳನ್ನು ಯಾವ ಮೆಟ್ರೋನೂ ವಾಪಸ್ ತರಲಿಲ್ಲ. ನಿನ್ನ ಮಗುವಿಗೆ ಈಗ ಐದು ವರ್ಷ, ಅಲ್ವಾ?

ನಿನ್ನ ಎಲೆಕ್ಟ್ರಾನಿಕ್ ಸಿಟಿ ಆಫೀಸಿಗೆ ಎರಡೂ ಕಡೆಯಿಂದ ಕಿಲೋಮೀಟರಿನಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಆದರೆ 2025ರ ಆಗಸ್ಟ್‌ನಿಂದ ಮೆಟ್ರೋ ಹಳದಿ ಮಾರ್ಗ ಓಡುತ್ತಿದೆ. ಜಯನಗರದ ಪಕ್ಕದ ರಾಗಿಗುಡ್ಡದಲ್ಲಿ ಹತ್ತಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು ನಿನ್ನ ಕಾಲ ಕೆಳಗೆ ಇರುತ್ತದೆ. ದೊಮ್ಮಸಂದ್ರದಿಂದಾದರೆ ಕಾರೇ ಗತಿ.

ನೀರಿನ ವಿಷಯ ಇನ್ನೂ ದೊಡ್ಡದು. 2024ರ ಬೇಸಿಗೆಯಲ್ಲಿ ಎಷ್ಟೊಂದು ಬೋರ್‌ವೆಲ್ ಬತ್ತಿದವು, ಟ್ಯಾಂಕರಿಗೆ ಜನ ಎಷ್ಟು ಪರದಾಡಿದರು, ನೋಡಿದ್ದೀಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಶುರುವಾಯಿತು. ಅದು 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಮಾಡಿದ್ದು. ನಗರಕ್ಕೆ ಸೇರಿದವರೇ 17 ವರ್ಷ ಕಾದರು. ನೀನು ನೋಡಿರುವ ದೊಮ್ಮಸಂದ್ರದ ಫ್ಲಾಟು ಆ ಗಡಿಯ ಆಚೆಗಿದೆ.

ಇನ್ನು ಅಳತೆ. ಹೊಸ ಫ್ಲಾಟಿನ 1,650 ಚದರಡಿ ಅನ್ನುವುದು ಸೂಪರ್ ಬಿಲ್ಟ್‌ಅಪ್. ಮೆಟ್ಟಿಲು, ಲಾಬಿ, ಕ್ಲಬ್‌ಹೌಸಿನ ಪಾಲೂ ಅದರಲ್ಲಿ ಸೇರಿದೆ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, ಎಷ್ಟು ಅಂತ ಕೇಳು. ಮನೆ ಕೊಳ್ಳುವವರನ್ನು ಕಾಪಾಡುವ ರೇರಾ ಕಾಯ್ದೆ ಪ್ರಕಾರ ಬಿಲ್ಡರ್ ಹೇಳಲೇಬೇಕು. ಆಮೇಲೆ ಎರಡು ಮನೆಗಳನ್ನೂ ಹೋಲಿಸು. ಜಯನಗರದ್ದು ಎಂಟೇ ಮನೆಗಳ ಕಟ್ಟಡ, ಹಾಗಾಗಿ ನಿನ್ನ ಪಾಲಿಗೆ ಬರುವ ನೆಲವೂ ಜಾಸ್ತಿ ಇರಬಹುದು. ಕ್ರಯಪತ್ರದಲ್ಲಿ ನೋಡು.

ಹಳೆ ಮನೆಗೆ ಖರ್ಚಿಲ್ಲ ಅಂತ ನಾನು ಹೇಳುವುದಿಲ್ಲ. ಪೈಪು, ವೈರಿಂಗ್ ಎಲ್ಲ ಬದಲಾಯಿಸಬೇಕಾದೀತು. ಅದಕ್ಕೆ ಈಗಲೇ ದುಡ್ಡು ತೆಗೆದಿಡು. ಖಾತೆ, ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪ್ರಮಾಣಪತ್ರ) ಎರಡನ್ನೂ ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡ. ಲಿಫ್ಟ್ ಇಲ್ಲ ಅಂತ ನಮ್ಮ ಬಗ್ಗೆ ಯೋಚಿಸಬೇಡ. ಒಂದೇ ಮಹಡಿ, ನಿಧಾನವಾಗಿ ಹತ್ತುತ್ತೇವೆ.

ದೊಮ್ಮಸಂದ್ರಕ್ಕೆ ಭಾನುವಾರ ಹೋಗಿ ನೋಡಿದ್ದು ಸಾಲದು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಹೊರಟು ಆಫೀಸ್ ತಲುಪಿ ನೋಡು. ಅಳಿಯಂದಿರೂ ಜೊತೆಗಿರಲಿ. ಜಯನಗರದ ಮನೆಗೆ ಮತ್ತೆ ಹೋಗುವಾಗ ನನ್ನನ್ನೂ ಕರೆ. ಬಾತ್‌ರೂಮಿನ ಹಿಂದಿನ ಗೋಡೆ ತೇವ ಇದೆಯಾ ಅಂತ ನಾನೇ ಮುಟ್ಟಿ ನೋಡಬೇಕು.

ನಿನ್ನ
ಅಮ್ಮ