ದೊಡ್ಡಪ್ಪನ ಕಾಗದ: ನಕಲಿ ಚಂದ್ರ, ನಕಲಿ ಸೈರನ್

ಪುಟ್ಟೀ,

ಟಿವಿ ಚಾನೆಲ್ಲಿನ ಗ್ರಾಫಿಕ್ಸ್ ಸೆಕ್ಷನ್ನಲ್ಲಿ ಕೆಲ್ಸ ಸಿಕ್ತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ, ಭಾಳ ಖುಷಿ ಆಯ್ತು ಕಣವ್ವ. ಆದ್ರೆ ಖುಷಿಪಟ್ಟು ಸುಮ್ನಿರೋ ಜಾಯಮಾನ ನಂದಲ್ಲ, ಅದಕ್ಕೇ ಇಷ್ಟುದ್ದ ಟೈಪ್ ಮಾಡ್ತಿದೀನಿ, ಊಟ ಆದ್ಮೇಲೆ ಓದು.

ನಮ್ಮ ಚಳ್ಳಕೆರೆ ಪಕ್ಕ ಉಳ್ಳಾರ್ತಿ ಕಾವಲಲ್ಲಿ ಇಸ್ರೋದವ್ರು ಚಂದ್ರಯಾನ-2ಕ್ಕೆ ಅಂತ ನೆಲ ಅಗೆಸಿ ಚಂದ್ರನ ಮೇಲಿರೋ ಥರದ್ದೇ ಕುಳಿ ಮಾಡ್ಸಿದ್ರು ಗೊತ್ತಲ್ಲ, ಮೇಲೆ ವಿಮಾನದಲ್ಲಿ ಸೆನ್ಸರ್ ಇಟ್ಕೊಂಡು ಹಾರಿ, ಗುಂಡಿ ಯಾವ್ದು ಇಳಿಯೋ ಜಾಗ ಯಾವ್ದು ಅಂತ ಅದಕ್ಕೆ ತಿಳಿಯುತ್ತಾ ಅಂತ ಪರೀಕ್ಷೆ ಮಾಡಿದ್ರು. ಪೂರಾ ನಕಲಿ ಚಂದ್ರ, ಆದ್ರೆ ನಕಲಿ ಅಂತ ಅಗೆದೋನಿಗೂ ಗೊತ್ತಿತ್ತು, ಹಾರಿದೋನಿಗೂ ಗೊತ್ತಿತ್ತು.

2023ರ ಆಗಸ್ಟ್ 23, ಸಂಜೆ 6.04ಕ್ಕೆ ಚಂದ್ರಯಾನ-3 ಇಳೀತಲ್ಲ, ಅದನ್ನ ಕಣ್ಣಾರೆ ಕಂಡ್ವಿ ಅಂತ ಊರೋರೆಲ್ಲ ಈಗ್ಲೂ ಹೇಳ್ತಾರೆ. ಕಂಡಿದ್ದು ಅನಿಮೇಷನ್. ಅಲ್ಲಿಂದ ಬರ್ತಿದ್ದ ಎತ್ತರ, ವೇಗದ ಅಂಕಿ ನೋಡ್ಕೊಂಡು ಕಂಪ್ಯೂಟರ್ ಬಿಡಿಸ್ತಿದ್ದ ಚಿತ್ರ, ಇಲ್ದಿದ್ರೆ ಲ್ಯಾಂಡರ್ ಪಕ್ಕ ನಿಂತು ಶೂಟ್ ಮಾಡೋಕೆ ಚಂದ್ರನ ಮೇಲೆ ಯಾವ ಕ್ಯಾಮೆರಾಮನ್ ಕಾಯ್ತಿದ್ದ ಹೇಳು! ಆದ್ರೂ ಅದನ್ನ ಮೋಸ ಅನ್ನಲ್ಲ ನಾನು, ಹಿಂದಿದ್ದ ಅಂಕಿ ನಿಜ ಇತ್ತು.

ನನಗೆ ಹೊಟ್ಟೆ ಉರಿದಿದ್ದು 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಟೈಮು. ಕರಾಚಿ ಬಂದರು ಧ್ವಂಸ ಅಂತ ಎಷ್ಟೋ ಚಾನೆಲ್ ರಾತ್ರಿಯಿಡೀ ಬಾಯಿ ಬಡ್ಕೊಂಡ್ವು, ಬೆಳಗಾದ್ರೆ ಬಂದರು ಅದರ ಪಾಡಿಗೆ ಅದಿತ್ತು. ಅದಕ್ಕಿಂತ ಕೆಟ್ಟದ್ದು ಸುದ್ದಿ ಮಧ್ಯೆ ಹಾಕ್ತಿದ್ದ ಆ ಸೈರನ್. ನಮ್ಮ ಬೀದಿ ಕೊನೇ ಮನೆ ಹುಡ್ಗ ಜಮ್ಮು ಕಡೆ ಡ್ಯೂಟೀಲಿದ್ದ, ಟಿವೀಲಿ ಸೈರನ್ ಕೂಗಿದಾಗೆಲ್ಲ ಅವರವ್ವ ಎದ್ದು ಫೋನ್ ಒತ್ತೋರು, ಸ್ವಿಚ್ ಆಫ್ ಅಂತ ಬರೋದು, ಮತ್ತೆ ಬಂದು ಅದೇ ಟಿವಿ ಮುಂದೆ ಕೂರೋರು. ಸ್ಟುಡಿಯೋದಲ್ಲಿ ಯಾರೋ ಬಟನ್ ಒತ್ತಿದ ಸೌಂಡ್ ಅದು ಅಂತ ಆಯಮ್ಮನಿಗೆ ಯಾರು ಹೇಳ್ಬೇಕು? ಕೊನೆಗೆ ಮೇ 10ಕ್ಕೆ ಸರ್ಕಾರನೇ ಚಾನೆಲ್‌ಗಳಿಗೆ ಹೇಳ್ಬೇಕಾಯ್ತು, ಪ್ರೋಗ್ರಾಮಲ್ಲಿ ಸೈರನ್ ಹಾಕ್ಬೇಡಿ, ಹಿಂಗೇ ಹಾಕ್ತಿದ್ರೆ ನಿಜವಾದ ಸೈರನ್ ಕೂಗಿದಾಗ ಜನ ಕ್ಯಾರೇ ಅನ್ನಲ್ಲ ಅಂತ.

ಅದಕ್ಕೇ ಹೇಳ್ತೀನಿ, ಸೈರನ್ ಹಾಕು, ಬೆಂಕಿ ಎಬ್ಬಿಸು ಅಂತ ಮೇಲಿನೋರು ಅಂದ್ರೆ, ಎಲ್ಲಿ ಬೆಂಕಿ ಬಿದ್ದೈತೆ ಸಾರ್ ಅಂತ ಒಂದ್ಸಲ ಕೇಳು. ಹೊಸಬಳು, ಗೊತ್ತಿಲ್ದೆ ಕೇಳ್ದೆ ಅನ್ನೋ ನೆಪ ಇನ್ನೊಂದಾರು ತಿಂಗಳು ನಡೆಯುತ್ತೆ, ಉಪಯೋಗಿಸ್ಕೋ.

ಆಮೇಲೆ ವಾಟ್ಸಾಪಲ್ಲಿ ಬಂದ ಯುದ್ಧದ ಕ್ಲಿಪ್ಪು. ಆರ್ಮಾ 3 ಅನ್ನೋ ಗೇಮಿನ ದೃಶ್ಯನೇ ಉಕ್ರೇನ್ ಯುದ್ಧ ಅಂತ ಓಡಾಡಿ, 2022ರಲ್ಲಿ ಅದನ್ನ ಮಾಡಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯೋರೇ ಗುರುತು ಹಿಡಿಯೋದು ಹೆಂಗೆ ಅಂತ ಹೇಳಿದ್ರು. ಚಿತ್ರ ಮಸುಕು, ಕ್ಯಾಮೆರಾ ಅಲ್ಲಾಡ್ತಿರುತ್ತೆ, ಹೆಚ್ಚಾಗಿ ಕತ್ತಲು, ಸೌಂಡ್ ಇರಲ್ಲ, ಓಡಾಡೋ ಮನುಷ್ಯರು ಕಾಣಲ್ಲ, ಹೊಗೆ ಧೂಳು ಸಹಜವಾಗಿರಲ್ಲ. ಕ್ಲಿಪ್ ಎಷ್ಟು ಹಾಳಾಗಿದ್ರೆ ಅಷ್ಟು ಅಸಲಿ ಅಂತ ನಂಬ್ತೀವಲ್ಲ, ಅಲ್ಲೇ ಯಾಮಾರೋದು.

ನೀನು ಬಾಂಬ್, ಆಕ್ಸಿಡೆಂಟ್, ಕೊಲೆ ಏನೇ ಬಿಡಿಸಿದ್ರೂ ‘ಕಾಲ್ಪನಿಕ ದೃಶ್ಯ’ ಅಂತ ಹಾಕು, ಅದೂ ಮೂಲೇಲಿ ಇರುವೆ ಸಾಲಿನಂಗೆ ಬೇಡ, ನಿಮ್ಮ ದೊಡ್ಡಮ್ಮ ಕನ್ನಡಕ ಇಲ್ದೆ ಓದೋ ಹಂಗಿರ್ಲಿ, ದೃಶ್ಯ ಮುಗಿಯೋವರ್ಗೂ ಇರ್ಲಿ. ಆ ಅಕ್ಷರದ ಸೈಜು ನಿಮ್ಮಲ್ಲಿ ಯಾರು ಡಿಸೈಡ್ ಮಾಡ್ತಾರೆ? ವಿಚಾರಿಸಿ ಭಾನುವಾರ ಫೋನ್ ಮಾಡು.

ನಿನ್ನ ದೊಡ್ಡಪ್ಪ
ಚಳ್ಳಕೆರೆ