ಅಳೆಯದೇ ಸೊನ್ನೆ ಬರೆಯಬೇಡಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ಮಂಗಳೂರಿನಿಂದ ನಮಸ್ಕಾರ. ಸೆಕೆ ಶುರುವಾದ ಕೂಡಲೇ ಸರಕಾರದ ಸಲಹೆ ಬರುತ್ತದೆ: ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ, ನೆರಳಲ್ಲಿರಿ, ನೀರು ಕುಡಿಯಿರಿ. ಒಳ್ಳೆಯ ಮಾತೇ. ಆದರೆ ನೆರಳಲ್ಲೇ ಕೂತು ಬೇಯುವವರು ಏನು ಮಾಡಬೇಕು?

ನಮ್ಮೂರಲ್ಲಿ ಅಂಥವರು ತುಂಬಾ ಜನ. ಗೇರುಬೀಜದ ಫ್ಯಾಕ್ಟರಿ, ಹೆಂಚಿನ ಕಾರ್ಖಾನೆ, ಹೋಟೆಲಿನ ಅಡುಗೆಕೋಣೆ, ಬೇಕರಿ, ಲಾಂಡ್ರಿ. ನಮ್ಮ ಪಕ್ಕದ ಮನೆಯ ಅಕ್ಕ ಗೇರುಬೀಜದ ಫ್ಯಾಕ್ಟರಿಯೊಂದರಲ್ಲಿ ಪೀಲಿಂಗ್ ಮಾಡುತ್ತಾರೆ. ಮೇಲೆ ಶೀಟಿನ ಮಾಡು, ಗೋಡೆಯಾಚೆ ತಿರುಳು ಒಣಗಿಸುವ ಡ್ರೈಯರ್. ಫ್ಯಾನ್ ಇದೆ, ಹಾಕಿದರೆ ಸಿಪ್ಪೆಯೆಲ್ಲ ಹಾರುತ್ತದೆ ಅಂತ ಆಫ್ ಮಾಡಿರುತ್ತಾರೆ. ಕೂಲಿ ಕೆಜಿ ಲೆಕ್ಕದಲ್ಲಿ, ಹಾಗಾಗಿ ಎದ್ದು ಟಾಯ್ಲೆಟ್‌ಗೆ ಹೋದಷ್ಟು ಹೊತ್ತೂ ತೂಕ ಕಡಿಮೆ, ಅದಕ್ಕೇ ಅವರು ಬಾಟಲಿ ತುಂಬಾ ನೀರು ಒಯ್ದರೂ ಕುಡಿಯುವುದು ಎರಡು ಗುಟುಕು. ತಲೆ ಸುತ್ತಿದ ದಿನ ಬೇಗ ಮನೆಗೆ ಬಂದು ಮಲಗುತ್ತಾರೆ. ರಿಜಿಸ್ಟರಿನಲ್ಲಿ ಅದು ಅರ್ಧ ದಿನದ ರಜೆ. ಡಾಕ್ಟರ ಚೀಟಿಯಲ್ಲಿ ಬಿಪಿ ಲೋ, ಇಲ್ಲವೇ ಉರಿಮೂತ್ರ. ಸೆಕೆಯ ಹೆಸರು ಎಲ್ಲೂ ಬರುವುದಿಲ್ಲ.

ನನ್ನ ಕೆಲಸ ಡೇಟಾ ಮೈನಿಂಗ್. ರಾಶಿ ರಾಶಿ ದಾಖಲೆ ಜಾಲಾಡಿ ಅದರೊಳಗೆ ಏನಾದರೂ ಲೆಕ್ಕ ಸಿಗುತ್ತದಾ ಅಂತ ಹುಡುಕುವುದು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಸೊನ್ನೆ. ಯಾರೂ ಕೇಳದ, ಯಾರೂ ಬರೆಯದ ಕಾಲಂ ಖಾಲಿ ಇರಬೇಕಾದದ್ದು, ಸುಮ್ನೆ ಸೊನ್ನೆ ತುಂಬಿಸಿ ಕಳಿಸುತ್ತಾರೆ. ಕಂಪ್ಯೂಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ಆ ಸೊನ್ನೆಯನ್ನು ನಂಬಿ, ಒಳಗೆ ಕೂತು ಕೆಲಸ ಮಾಡುವವರಿಗೆ ಅಪಾಯ ಕಡಿಮೆ ಅಂತ ಹೇಳಿಬಿಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಸೆಕೆ ತಡೆಯಲಾಗದವರು ಅಷ್ಟರಲ್ಲಿ ಕೆಲಸ ಬಿಟ್ಟಿರುತ್ತಾರೆ. ಉಳಿದವರನ್ನಷ್ಟೇ ಪರೀಕ್ಷೆ ಮಾಡಿದರೆ ಎಲ್ಲರೂ ಗಟ್ಟಿಯಾಗೇ ಕಾಣುತ್ತಾರೆ, ಅಲ್ವಾ?

ಉಷ್ಣತೆಯ ಅಂಕಿಯಲ್ಲೂ ಇದೇ ಕಥೆ. ನಮಗೆ ಸಿಗುವುದು ಪಣಂಬೂರು, ಬಜ್ಪೆಯ ಹವಾಮಾನ ಕೇಂದ್ರಗಳಲ್ಲಿ ಅಳೆದ ಹೊರಗಿನ ಗಾಳಿಯ ಲೆಕ್ಕ, ಫ್ಯಾಕ್ಟರಿಯ ಒಳಗಿನದ್ದಲ್ಲ. ಕರಾವಳಿಯಲ್ಲಿ ಬಿಸಿಗಾಳಿ ಅಂತ ಘೋಷಿಸಬೇಕಾದರೆ ಹವಾಮಾನ ಇಲಾಖೆಯ ಪ್ರಕಾರ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. 34 ಡಿಗ್ರಿಯ ದಿನ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆದರೆ ಮೈ ತಣ್ಣಗಾಗುವುದು ಬೆವರು ಆರಿದಾಗ, ನಮ್ಮ ಕಡಲತಡಿಯ ಒದ್ದೆ ಗಾಳಿಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಅದಕ್ಕೇ ತೇವಾಂಶ, ಗಾಳಿಯ ಓಡಾಟ, ಮಾಡು ಮತ್ತು ಯಂತ್ರಗಳಿಂದ ಬರುವ ಕಾವು ಎಲ್ಲವನ್ನೂ ಸೇರಿಸಿ ಅಳೆಯುವ ಡಬ್ಲ್ಯುಬಿಜಿಟಿ (ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್) ಎಂಬ ಸೂಚ್ಯಂಕ 1950ರ ದಶಕದಿಂದಲೇ ಇದೆ. ಅದರ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಸೆಕೆ ರೂಢಿಯಾದವರಿಗೂ ಸಾಧಾರಣ ಶ್ರಮದ ಕೆಲಸಕ್ಕೆ ಇಟ್ಟಿರುವ ಮಿತಿ ಸುಮಾರು 28 ಡಿಗ್ರಿ. ಹೊರಗೆ 34 ಡಿಗ್ರಿ, ತೇವಾಂಶ ಶೇ 65 ಇದ್ದರೆ ನೆರಳಲ್ಲೇ ಈ ಸೂಚ್ಯಂಕ 30ರ ಹತ್ತಿರ ಹೋಗುತ್ತದೆ. ಡ್ರೈಯರಿನ ಕಾವು ಬೇರೆ.

ಅಳತೆಯಲ್ಲಿ ತಪ್ಪು ಆಗಬಹುದು, ನಿಜ. ಮೀಟರು ಒಂದು ಡಿಗ್ರಿ ಆಚೀಚೆ ತೋರಿಸಬಹುದು, ಇಟ್ಟ ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹಾಗಾದರೆ ಮಿತಿ 28 ಇರುವಾಗ 27.5 ಬಂದರೆ ಏನು ಮಾಡುವುದು? ಅಪಾಯ ಇಲ್ಲ ಅಂತ ಬರೆಯುವುದಾ? ತಪ್ಪಿ ಹತ್ತು ನಿಮಿಷ ಜಾಸ್ತಿ ವಿಶ್ರಾಂತಿ ಕೊಟ್ಟರೆ ಸ್ವಲ್ಪ ಉತ್ಪಾದನೆ ಹೋಗುತ್ತದೆ. ತಪ್ಪಿ ಕೊಡದಿದ್ದರೆ ಕಿಡ್ನಿ ಹೋಗಬಹುದು, ಜೀವವೇ ಹೋಗಬಹುದು. ಎರಡೂ ಒಂದೇ ತೂಕದ ತಪ್ಪಲ್ಲ. ಅನುಮಾನ ಇದ್ದಾಗ ಕೆಲಸದವರ ಕಡೆ ವಾಲಬೇಕು, ಮತ್ತು ಎಷ್ಟು ಅನುಮಾನ ಇದೆ ಅಂತ ಅಂಕಿಯ ಪಕ್ಕದಲ್ಲೇ ಬರೆದಿಡಬೇಕು.

ನಾನು ಹೊಸದೇನೂ ಕೇಳುತ್ತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ಗಾಳಿ, ಉಷ್ಣತೆಯ ಮಾತು ಇತ್ತು. ಅಳೆಯುವ ಸಾಧನ ಇಡಿ, ದಾಖಲೆ ಇಡಿ ಅಂತ ಹೇಳುವ ಅಧಿಕಾರ ರಾಜ್ಯ ಸರಕಾರಕ್ಕಿತ್ತು. ಈಗ ಕಾರ್ಮಿಕರ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆ ಬಂದಿದೆ, ಕಾನೂನಿನ ಹೆಸರು ಬದಲಾಗಿದೆ. ಕಾರ್ಖಾನೆಯೊಳಗೆ ಹೋಗಿ ನೋಡುವ ಇಲಾಖೆ ಮಾತ್ರ ನಿಮ್ಮದೇ.

ಹಾಗಾಗಿ ಮೊದಲು ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಶುರು ಮಾಡಿ. ಮೀಟರು ಮ್ಯಾನೇಜರ ಕೋಣೆಯಲ್ಲಿ ಬೇಡ, ಡ್ರೈಯರಿನ ಪಕ್ಕ, ಹೆಂಗಸರು ಕೂರುವ ಬೆಂಚಿನ ಎತ್ತರಕ್ಕೆ ಇಡಿಸಿ. ತಲೆಸುತ್ತು, ವಾಂತಿ, ಬೇಗ ಮನೆಗೆ ಹೋದದ್ದು, ಕೆಲಸ ಬಿಟ್ಟದ್ದು ಎಲ್ಲಕ್ಕೂ ಕಾಲಂ ಇರಲಿ, ಕೇಳದಿದ್ದರೆ "ಕೇಳಿಲ್ಲ" ಅಂತಲೇ ಬರೆಯಲಿ. ಹೊಸಬರಿಗೆ ಮೊದಲ ವಾರ ಪೂರ್ತಿ ಪಾಳಿ ಬೇಡ, ಮೈಗೆ ಸೆಕೆ ರೂಢಿಯಾಗಲು ಕೆಲವು ದಿನ ಬೇಕು. ವಿಶ್ರಾಂತಿಯ ಹೊತ್ತಿಗೂ ಕೂಲಿ ಸಿಗಬೇಕು, ಇಲ್ಲದಿದ್ದರೆ ಕೆಜಿ ಲೆಕ್ಕದವರು ಯಾರೂ ಏಳುವುದಿಲ್ಲ.

ನೀರು, ಟಾಯ್ಲೆಟ್, ವಿಶ್ರಾಂತಿಗೆ ಡೇಟಾ ಬರುವವರೆಗೆ ಕಾಯಬೇಕಾಗಿಲ್ಲ. 2025ರಲ್ಲಿ ಫೆಬ್ರವರಿ ಕೊನೆಗೇ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂದಿತ್ತು. ಮುಂದಿನ ಸಲ ನಿಮ್ಮ ಆದೇಶ ಜನವರಿಯೊಳಗೆ ಫ್ಯಾಕ್ಟರಿಗಳನ್ನು ತಲುಪಲಿ.

ಇಂತಿ,
ಮಂಗಳೂರಿನ ಒಬ್ಬ ಡೇಟಾ ಅನಾಲಿಸ್ಟ್