ಲಾರಿ ಕೊಳ್ಳೋ ಮುಂಚೆ ಲೋಡು ನೋಡ್ಕೊಳ್ಳಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಕೂಡ್ಲೇ ಎಲ್ಲಾ ಪೇಪರ್‌ನಲ್ಲೂ 'ಮುಂದೇನು' ಅಂತ ಪುರವಣಿ ಬರುತ್ತೆ, ನಿಮ್ಮಲ್ಲೂ ಬರುತ್ತೆ, ಡಿಪ್ಲೊಮಾ ಐಟಿಐ ನರ್ಸಿಂಗ್ ಅನಿಮೇಶನ್ ಎಲ್ಲಾ ಇರುತ್ತೆ, ಆದ್ರೆ ಲಾರಿ ಡ್ರೈವಿಂಗ್ ಬಗ್ಗೆ ಒಂದು ಕಾಲಂ ಬಂದಿದ್ದು ನಾನಂತೂ ನೋಡಿಲ್ಲ. ನಮ್ಮ ಹಿರಿಯೂರು, ಶಿರಾ, ಚಳ್ಳಕೆರೆ ಕಡೆ ಹಳ್ಳಿ ಹುಡುಗ್ರು ಎಷ್ಟು ಜನ ಈ ಕೆಲಸಕ್ಕೆ ಹೋಗ್ತಾರೆ ಅನ್ನೋದು ಒಂದು ರಾತ್ರಿ ಹೈವೇ ಡಾಬಾದಲ್ಲಿ ಕೂತ್ರೆ ಗೊತ್ತಾಗುತ್ತೆ. ಯಾರೂ ಯೋಚನೆ ಮಾಡಿ ಬರಲ್ಲ, ಬೇರೇನೂ ಸಿಗ್ಲಿಲ್ಲ ಅಂತ ಬರ್ತಾರೆ, ಒಂದೆರಡು ವರ್ಷಕ್ಕೆ ಸಾಕಾಗಿ ಬಿಡ್ತಾರೆ, ಇಲ್ಲಾ ಸಾಲ ಮಾಡಿ ಸ್ವಂತ ಲಾರಿ ತಗೊಂಡು ಸಿಕ್ಕಾಕ್ಕೊಳ್ತಾರೆ. ನಾನು ಲಾರಿ ಓಡಿಸಿದೋನು, ಈಗ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಕೂತು ಡ್ರೈವರ್‌ಗಳನ್ನ ಕೆಲಸಕ್ಕೆ ತಗೊಳ್ಳೋನು, ಅದಕ್ಕೇ ಬರೀತಿದೀನಿ.

ಮೊದ್ಲು ಲೈಸೆನ್ಸು. 18ಕ್ಕೆ ಕಾರಿನ ಲೈಸೆನ್ಸ್ ಮಾಡಿಸ್ಕೋಬೇಕು, ಅದಾಗಿ ಒಂದು ವರ್ಷ ಆಗದೆ ಹೆವಿಗೆ, ಅಂದ್ರೆ ಲಾರಿಯಂಥ ದೊಡ್ಡ ಗಾಡಿಗೆ, ಎಲ್‌ಎಲ್ (ಕಲಿಯೋರ ಲೈಸೆನ್ಸ್) ಕೊಡಲ್ಲ, ವಯಸ್ಸೂ 20 ತುಂಬಿರ್ಬೇಕು. ಎಷ್ಟೋ ಹುಡುಗ್ರು 21ಕ್ಕೆ ಆರ್‌ಟಿಓ ಬಾಗಿಲಿಗೆ ಹೋಗಿ ಆಮೇಲೆ ಒಂದು ವರ್ಷ ಕಾಯ್ತಾರೆ, 18ಕ್ಕೇ ಮಾಡಿಸಿದ್ರೆ ಈ ಕಾಯೋದು ಇರ್ತಿರ್ಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಐದು ಜಡ್ಜುಗಳ ಪೀಠ ಕಾರಿನ ಲೈಸೆನ್ಸ್ ಇದ್ರೇನೆ ಲೋಡು ಸೇರಿ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸ್ಬಹುದು ಅಂದಿದೆ, ಅಂದ್ರೆ 20 ತುಂಬಿದ ಹುಡುಗ ಹೆವಿ ಕೈಗೆ ಬರೋ ತನಕ ಪಿಕಪ್ಪು, ಸಣ್ಣ ಕ್ಯಾಂಟರ್ ಓಡಿಸ್ತಾ ಲೋಡು ಅಂದ್ರೇನು, ಬಿಲ್ ಅಂದ್ರೇನು ಕಲೀಬಹುದು. 8ನೇ ಕ್ಲಾಸ್ ಪಾಸಾಗಿರ್ಬೇಕು ಅನ್ನೋ ರೂಲ್ಸ್ 2019ರಲ್ಲೇ ತೆಗೆದ್ರು. ಹಂಗಂತ ಸ್ಕೂಲ್ ಬಿಡ್ಬೇಡಿ ಅಂತ ನಾನು ಪ್ರತಿ ಹುಡುಗನಿಗೂ ಹೇಳ್ತೀನಿ, ಎಸ್ಸೆಸ್ಸೆಲ್ಸಿ ಇಲ್ದೆ ಮುಂದೆ ಸರ್ಕಾರಿ ಬಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಕ್ಕಾಗಲ್ಲ, ಗಲ್ಫ್‌ಗೆ ಟ್ರೇಲರ್ ಓಡಿಸಕ್ಕೆ ಹೋಗ್ತೀನಿ ಅಂದ್ರೂ ಹತ್ತನೇ ಕ್ಲಾಸ್ ಇಲ್ದಿದ್ರೆ ಪಾಸ್‌ಪೋರ್ಟಲ್ಲಿ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು ಅಂತ ಬರುತ್ತೆ, ಅಲ್ಲಿಂದ ಏಜೆಂಟ್‌ಗಳ ಕಾಟ ಶುರು.

ಇನ್ನು ಕಲಿಯೋದೆಲ್ಲಿ? ಮುಂಚೆ ಕ್ಲೀನರ್ ಆಗಿ ಸೇರಿ, ಗ್ಲಾಸ್ ಒರೆಸಿ, ಹಗ್ಗ ಕಟ್ಟಿ, ತಾಡಪಾಲು ಹಾಸಿ, ಡ್ರೈವರಣ್ಣನ ಹತ್ರ ಬೈಸ್ಕೊಂಡು ಕಲೀತಿದ್ರು. ಈಗ ಮಾಲೀಕರು ಖರ್ಚು ಉಳಿಸಕ್ಕೆ ಕ್ಲೀನರ್‌ನೇ ಇಡಲ್ಲ, ಸಿಂಗಲ್ ಡ್ರೈವರ್ ಗಾಡಿಗಳೇ ಜಾಸ್ತಿ, ಅಲ್ಲಿಗೆ ಆ ದಾರಿ ಮುಚ್ಚಿತು. ಊರಿನ ಡ್ರೈವಿಂಗ್ ಸ್ಕೂಲಲ್ಲಿ ಹಳೇ ಲಾರಿ ಮೇಲೆ ಖಾಲಿ ಗಾಡೀಲಿ ನಾಲ್ಕು ರೌಂಡ್ ಹೊಡ್ಸಿ ಫಾರಂ 5 (ಡ್ರೈವಿಂಗ್ ಕಲಿತಿದ್ದಾನೆ ಅನ್ನೋ ಸರ್ಟಿಫಿಕೇಟ್) ಕೊಟ್ಟು ಕಳಿಸ್ತಾರೆ, ಆ ಹುಡುಗ ಫುಲ್ ಲೋಡ್ ಹತ್ತು ಚಕ್ರದ ಗಾಡಿ ತಗೊಂಡು ಶಿರಾಡಿ ಘಾಟ್ ಇಳೀಬೇಕು ಅಂದ್ರೆ ಹೆಂಗೆ ಹೇಳಿ. ಕೇಂದ್ರ ಸರ್ಕಾರ 2021ರಲ್ಲಿ ಮಾನ್ಯತೆ ಪಡೆದ ಟ್ರೈನಿಂಗ್ ಸೆಂಟರ್‌ಗಳ ರೂಲ್ಸ್ ತಂದಿದೆ, ಅದ್ರಲ್ಲಿ ಹೆವಿಗೆ ಆರು ವಾರ, 38 ಗಂಟೆ ಪಾಠ ಅಂತ ಇದೆ, ಪಾಸಾದ್ರೆ ಆರ್‌ಟಿಓ ಡ್ರೈವಿಂಗ್ ಟೆಸ್ಟೂ ಬೇಡ. ಅಂಥ ಕಡೆ ಸೀಟು ಸಿಕ್ರೆ ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಹೋಗಿ. ಹಳಬರು ಹೇಳೋದೆಲ್ಲಾ ವೇದವಾಕ್ಯ ಅಲ್ಲ. ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಿದ್ರೆ ಡೀಸೆಲ್ ಉಳಿಯುತ್ತೆ ಅಂತ ಇವತ್ತಿಗೂ ಹೇಳ್ಕೊಡ್ತಾರೆ, ಈಗಿನ ಎಲೆಕ್ಟ್ರಾನಿಕ್ ಇಂಜಿನ್‌ಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೇನೇ ಡೀಸೆಲ್ ಕಟ್ ಆಗುತ್ತೆ, ನ್ಯೂಟ್ರಲ್‌ನಲ್ಲಿ ಇಂಜಿನ್ ಐಡ್ಲಿಂಗಿಗೆ ಡೀಸೆಲ್ ಕುಡೀತಾನೇ ಇರುತ್ತೆ, ಜೊತೆಗೆ ಪೂರ್ತಿ ಭಾರ ಬ್ರೇಕ್ ಮೇಲೆ ಬಿದ್ದು ಡ್ರಮ್ ಕಾದು ಬ್ರೇಕೇ ಹಿಡಿಯಲ್ಲ. ಹಿಂಗಾಗೇ ಘಾಟಲ್ಲಿ ಗಾಡಿ ಬೀಳೋದು.

ಈಗ ಮುಖ್ಯ ಮಾತು. ಹುಡುಗ್ರು ಯಾವ ಗಾಡಿ ಅಂತ ಕೇಳ್ತಾರೆ, ಎಷ್ಟು ಚಕ್ರ, ಯಾವ ಕಂಪನಿ, ಮ್ಯೂಸಿಕ್ ಸಿಸ್ಟಮ್ ಇದೆಯಾ ಅಂತ. ಯಾವ ಲೋಡು ಅಂತ ಕೇಳಲ್ಲ. ನಿಮ್ಮ ಜೀವನ ಹೆಂಗಿರುತ್ತೆ ಅಂತ ತೀರ್ಮಾನ ಮಾಡೋದು ಲೋಡು. ಟೊಮೇಟೊ ಲೋಡು ಕೋಲಾರದಿಂದ ಉತ್ತರ ಭಾರತಕ್ಕೆ ಹೋಗುತ್ತೆ ಅಂದ್ರೆ ನಿದ್ದೆ ಇಲ್ಲ, ಲೇಟಾದ್ರೆ ಮಾಲು ಕೊಳೆತು ಬೈಗುಳ ನಿಮ್ಗೇ. ಟಿಪ್ಪರ್ ಅಂದ್ರೆ ಜಲ್ಲಿ, ಎಂ ಸ್ಯಾಂಡ್, ಟ್ರಿಪ್ ಲೆಕ್ಕದಲ್ಲಿ ದುಡ್ಡು, ಹಂಗಾಗಿ ಸ್ಪೀಡು, ಹಂಗಾಗಿ ಆಕ್ಸಿಡೆಂಟು. ಪಾರ್ಸೆಲ್ ಸರ್ವೀಸ್‌ನಲ್ಲಿ ರಾತ್ರಿ ಡ್ಯೂಟಿ ಆದ್ರೂ ರೂಟು ಫಿಕ್ಸು, ಟೈಮ್ ಫಿಕ್ಸು, ಸಂಬಳ ಬ್ಯಾಂಕಿಗೆ. ಸೇಡಂ, ವಾಡಿ ಸಿಮೆಂಟ್ ಲೋಡಲ್ಲಿ ಕೆಲಸ ಸಿಗೋದು ಕಷ್ಟ ಇಲ್ಲ ಆದ್ರೆ ಫ್ಯಾಕ್ಟರಿ ಗೇಟ್ ಮುಂದೆ ಕ್ಯೂನಲ್ಲಿ ಬಿಸಿಲಿಗೆ ಬೇಯ್ಬೇಕು. ಹಾಲಿನ ಟ್ಯಾಂಕರ್ ಬಗ್ಗೆ ಯಾರೂ ಮಾತಾಡಲ್ಲ, ನನ್ನ ಕೇಳಿದ್ರೆ ಮನೆ ಮಕ್ಕಳು ಇರೋರಿಗೆ ಅದೇ ಒಳ್ಳೇದು, ಹಾಲು ದಿನಾ ಇರುತ್ತೆ, ದೂರ ಕಮ್ಮಿ, ಮನೆ ಊಟ ಸಿಗುತ್ತೆ.

ಪೆಟ್ರೋಲ್, ಗ್ಯಾಸ್, ಕೆಮಿಕಲ್ ಟ್ಯಾಂಕರ್ ಬೇರೇನೇ ಲೋಕ. ಮಂಗಳೂರಿನ ರಿಫೈನರಿ, ಬಂದರು ಇರೋದ್ರಿಂದ ನಮ್ಮ ರಾಜ್ಯದಲ್ಲೇ ಇದಕ್ಕೆ ಕೆಲಸ ಇದೆ. ಮಾಮೂಲಿ ಹೆವಿ ಸಾಲದು, ಅಪಾಯಕಾರಿ ಸರಕಿನ ಮೂರು ದಿನದ ಕೋರ್ಸ್ ಮಾಡಿ ಲೈಸೆನ್ಸ್ ಮೇಲೆ ಬರೆಸ್ಕೋಬೇಕು, ಕನ್ನಡದಂಥ ಒಂದು ಭಾಷೆ ಜೊತೆ ಇಂಗ್ಲಿಷೂ ಓದಿ ಬರೆಯೋಕೆ ಬರ್ಬೇಕು, ಲೈಸೆನ್ಸ್ ರಿನ್ಯೂವಲ್ ಮೂರು ವರ್ಷಕ್ಕೊಮ್ಮೆ. ಕಾಗದ ಜಾಸ್ತಿ ಅಂತ ಹುಡುಗ್ರು ಆ ಕಡೆ ಹೋಗಲ್ಲ, ಹೋಗದೆ ಇರೋದ್ರಿಂದ್ಲೇ ಆ ಕಾಗದಕ್ಕೆ ಬೆಲೆ. ಎಲ್‌ಪಿಜಿ ಬುಲೆಟ್ ಟ್ಯಾಂಕರ್ ಅಂದ್ರೆ ಇಡೀ ದಕ್ಷಿಣ ಭಾರತದಲ್ಲಿ ತಮಿಳುನಾಡಿನ ನಾಮಕ್ಕಲ್ ಹೆಸರೇ ಹೇಳೋದು, ಅಲ್ಲಿ ಊರಿಗೂರೇ ಇದನ್ನ ಒಂದು ಉದ್ಯೋಗ ಅಂತ ತಗೊಂಡಿದೆ, ನಮ್ಮಲ್ಲಿ ಇನ್ನೂ 'ಡ್ರೈವರ್‌ಗೆ ಹೆಣ್ಣು ಕೊಡಲ್ಲ' ಅನ್ನೋದ್ರಲ್ಲೇ ಇದೀವಿ.

ಇನ್ನು ಸ್ವಂತ ಲಾರಿ. ವಿಆರ್‌ಎಲ್ ಲಾರಿ ಕಂಪನಿಯ ವಿಜಯ ಸಂಕೇಶ್ವರರು 1976ರಲ್ಲಿ ಗದಗಲ್ಲಿ ಒಂದೇ ಲಾರಿ ಇಟ್ಕೊಂಡು ಶುರು ಮಾಡಿದ್ರು ಅಂತ ಪ್ರತಿ ಹುಡುಗನೂ ನನಗೆ ಹೇಳ್ತಾನೆ. ನಿಜ. ಆದ್ರೆ ಅವರ ಮನೇಲಿ ಮೊದ್ಲೇ ಪ್ರಿಂಟಿಂಗ್ ವ್ಯಾಪಾರ ಇತ್ತು, ವ್ಯಾಪಾರ ಅಂದ್ರೇನು ಅಂತ ಗೊತ್ತಿದ್ದೋರು, ಡ್ರೈವರ್ ಸೀಟಿಂದ ಎದ್ದು ಬಂದೋರಲ್ಲ. ನಮ್ಮ ಹುಡುಗ್ರು ನೆನಪಿಟ್ಕೋಬೇಕಾಗಿರೋದು ಬಳ್ಳಾರಿ ಕಥೆ. ಅದಿರು ಧಂದೆ ಜೋರಾಗಿದ್ದಾಗ ಹೊಸಪೇಟೆ ಸಂಡೂರಲ್ಲಿ ಹೊಲ ಅಡವಿಟ್ಟು ಫೈನಾನ್ಸಲ್ಲಿ ಲಾರಿ ತಗೊಂಡ್ರು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ತು, ಲೋಡು ನಿಂತ್ರೂ ಕಂತು ನಿಲ್ಲಲಿಲ್ಲ. ಸಾಲು ಸಾಲು ಲಾರಿ ರಸ್ತೆ ಪಕ್ಕ ತುಕ್ಕು ಹಿಡೀತು, ಫೈನಾನ್ಸ್‌ನೋರು ಎಳ್ಕೊಂಡು ಹೋದ್ರು. ಕೋರ್ಟ್ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಒಂದೇ ಮಾಲು ನಂಬಿ ಲಾರಿ ತಗೋಬಾರ್ದು ಅಂತಿದೀನಿ ಅಷ್ಟೇ. ಬಾಡಿಗೆ ಸಾಲದೇ ಇದ್ದಾಗ ಏನ್ ಮಾಡ್ತಾರೆ? ಓವರ್‌ಲೋಡು. ಕೇಂದ್ರದ ಕಾಯ್ದೇಲಿ ಅದಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000, ಜೊತೆಗೆ ಹೆಚ್ಚಿನ ಮಾಲು ಅಲ್ಲೇ ಇಳಿಸ್ಬೇಕು. ಒಂದು ಸಲ ಸಿಕ್ರೆ ಆ ತಿಂಗಳ ಕಂತು ಹೋಯ್ತು. ವಾಪಸ್ ಬರೋ ಲೋಡು ಎಲ್ಲಿ ಸಿಗುತ್ತೆ, ಬ್ರೋಕರ್ ಎಷ್ಟು ಮುರ್ಕೋತಾನೆ, ಪಾರ್ಟಿ (ಲೋಡು ಕೊಡೋ ಗಿರಾಕಿ) ಬಾಡಿಗೆ ಎಷ್ಟು ದಿನಕ್ಕೆ ಕೊಡ್ತಾನೆ, ಟೈರ್ ಸೆಟ್ಟು ಎಷ್ಟು ದಿನ ಬರುತ್ತೆ ಅಂತ ಬೇರೆಯವರ ಗಾಡೀಲೇ ವರ್ಷಗಟ್ಲೆ ಲೆಕ್ಕ ಬರೆದಿಟ್ಟೋನು ಮಾತ್ರ ಲಾರಿ ತಗೋಬೇಕು, ಅದೂ ಗಟ್ಟಿ ಪಾರ್ಟಿ ಕೈಲಿದ್ರೆ. ಉಳಿದೋರು ಜೀವನಪೂರ್ತಿ ಒಳ್ಳೇ ಡ್ರೈವರ್ ಆಗೇ ಇರ್ಲಿ, ಅದ್ರಲ್ಲಿ ಅವಮಾನ ಏನಿದೆ?

ಕೆಲಸಕ್ಕೆ ಸೇರೋವಾಗ ಬಾಟಾ (ದಾರಿ ಖರ್ಚಿನ ಭತ್ಯೆ) ಎಷ್ಟು ಅಂತ ಮೊದ್ಲು ಕೇಳ್ತಾರೆ. ಸಂಬಳ ಕಮ್ಮಿ ತೋರ್ಸಿ ಬಾಟಾ ಜಾಸ್ತಿ ಕೊಟ್ರೆ ಕೈಗೆ ಚೆನ್ನಾಗಿ ಕಾಣುತ್ತೆ, ಆದ್ರೆ ಪಿಎಫ್ ಕಟ್ಟೋದು ಸಂಬಳದ ಮೇಲೆ, ನಾಳೆ ಮನೆ ಸಾಲಕ್ಕೆ ಹೋದ್ರೆ ಬ್ಯಾಂಕ್ ನೋಡೋದೂ ಅದನ್ನೇ. 20 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಪಿಎಫ್ ಕೇಳೋದು ಹಕ್ಕು, ಯಾರ ಕೃಪೆನೂ ಅಲ್ಲ. ಗಾಡಿ ಇನ್ಶೂರೆನ್ಸ್ ಕಾಪಿ ಫೋಟೋ ತಕ್ಕೊಳ್ಳಿ, ತಾರೀಕು ನೋಡಿ. ನಿಮ್ಮ ಲೈಸೆನ್ಸ್ ಆ ಗಾಡಿಗೆ ಸರಿ ಇಲ್ದಿದ್ರೆ ಕ್ಲೇಮ್ ಹೊತ್ತಲ್ಲಿ ಇನ್ಶೂರೆನ್ಸ್ ಕಂಪನಿ ಅದನ್ನೇ ಹಿಡ್ಕೊಳ್ಳುತ್ತೆ. ರಾಜ್ಯ ಕಾರ್ಮಿಕ ಇಲಾಖೆದು ಕಮರ್ಷಿಯಲ್ ಡ್ರೈವರ್‌ಗಳಿಗೆ ಅಪಘಾತದಲ್ಲಿ ಸತ್ರೆ ಮನೆಯವರಿಗೆ 5 ಲಕ್ಷ ಕೊಡೋ ಸ್ಕೀಮ್ ಇದೆ, ಹೆಸರು ನೋಂದಾಯಿಸಿದ್ದೀಯಾ ಅಂದ್ರೆ ಹತ್ರಲ್ಲಿ ಒಬ್ಬನೂ ಹೂಂ ಅನ್ನಲ್ಲ.

ಆಕ್ಸಿಡೆಂಟ್ ಆದ್ರೆ ಇಳಿದು ಓಡು ಅನ್ನೋ ಹಳೇ ಬುದ್ಧಿಮಾತನ್ನೂ ಬಿಡ್ಬೇಕು. 2024ರ ಜನವರೀಲಿ ದೇಶದಾದ್ಯಂತ ಡ್ರೈವರ್‌ಗಳು ಗಾಡಿ ನಿಲ್ಸಿದ್ದು ಆಕ್ಸಿಡೆಂಟಲ್ಲಿ ಸಾವಾದಾಗ ಪೊಲೀಸರಿಗೆ ಹೇಳ್ದೆ ಓಡಿಹೋದ್ರೆ ಹತ್ತು ವರ್ಷದ ತನಕ ಜೈಲು ಅನ್ನೋ ಹೊಸ ಸೆಕ್ಷನ್ ವಿರುದ್ಧ, ಸರ್ಕಾರ ಸದ್ಯ ಅದನ್ನ ತಡೆಹಿಡಿದಿದೆ. ಜನ ಹೊಡೀತಾರೆ ಅನ್ನೋ ಭಯ ಸುಳ್ಳಲ್ಲ, ಜೀವ ಉಳಿಸ್ಕೊಳ್ಳಿ, ಆದ್ರೆ ಕೂಡ್ಲೇ 112ಕ್ಕೆ ಫೋನ್ ಮಾಡಿ ಹತ್ರದ ಸ್ಟೇಷನ್‌ಗೆ ಹೋಗಿ ಕೂತ್ಕೊಳ್ಳಿ.

ಸಾರಿಗೆ ಇಲಾಖೆಗೆ ನಿಮ್ಮ ಪತ್ರಿಕೆ ಮೂಲಕ ಒಂದು ಬೇಡಿಕೆ. ಬಸ್ ನಿಗಮಗಳ ಹತ್ರ ತರಬೇತಿ ಕೇಂದ್ರ ಇದೆ, ಮೈದಾನ ಇದೆ, ಹೇಳ್ಕೊಡೋ ಅನುಭವಿ ಡ್ರೈವರ್‌ಗಳಿದ್ದಾರೆ. ಅಲ್ಲೇ ಲಾರಿ ಹುಡುಗ್ರಿಗೂ ಆರು ವಾರದ ಹೆವಿ ಕೋರ್ಸ್ ಶುರು ಮಾಡ್ಲಿ, ಲೋಡ್ ಹಾಕಿದ ಗಾಡೀಲೇ ಕಲಿಸ್ಲಿ, ಘಾಟಿಗೆ ಕರ್ಕೊಂಡು ಹೋಗ್ಲಿ, ಹಳ್ಳಿಯಿಂದ ಬರೋರಿಗೆ ಹಾಸ್ಟೆಲ್ ಇರ್ಲಿ, ಹೆಣ್ಮಕ್ಕಳಿಗೂ ಸೀಟು ಇಡ್ಲಿ. ಫೀಸು ಕಂತಲ್ಲಿ ತಗೊಳ್ಳೋದಾದ್ರೆ ನಮ್ಮಂಥ ಟ್ರಾನ್ಸ್‌ಪೋರ್ಟ್‌ನೋರೇ ಹುಡುಗನ್ನ ಕೆಲಸಕ್ಕೆ ತಗೊಂಡು ಸಂಬಳದಲ್ಲಿ ಹಿಡಿದು ಕಟ್ಟಕ್ಕೆ ರೆಡಿ ಇದೀವಿ, ಇಲಾಖೆಯವರು ಕರೆದು ಮಾತಾಡ್ಲಿ.

ಇಂತಿ,
ಒಬ್ಬ ಮಾಜಿ ಲಾರಿ ಡ್ರೈವರ್,
ಹಿರಿಯೂರು, ಚಿತ್ರದುರ್ಗ ಜಿಲ್ಲೆ